ಸಿ.ಟಿ. ಟೇಬಲ್ಲಿನಿಂದ ಎದ್ದುಹೋದ ಡ್ರಿಲ್ ಸರ್

ಅವರ ಹೆಸರು ಬರೆಯುವುದಿಲ್ಲ. ಮೂಡಲಗಿಯ ಆ ಹೈಸ್ಕೂಲಿನಲ್ಲಿ ಓದಿದವರಿಗೆ ಹೆಸರು ಬೇಕಾಗಿಯೂ ಇಲ್ಲ. ‘ಡ್ರಿಲ್ ಸರ್’ ಅಂದರೆ ಸಾಕು, ತಲೆ ನರೆತವರೂ ಕೂತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಾರೆ. ಹೋದ ತಿಂಗಳು ಅವರು ತೀರಿಕೊಂಡರು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲು ಬಂತು, ಅದರ ಬೆನ್ನಿಗೇ ಅವರ ಕಥೆಗಳೂ ಬಂದವು. ಅದರಲ್ಲೊಂದು ಹೀಗಿತ್ತು: “ಇಡೀ ಸಾಲಿ ನಡುಗಿಸಿದ ಮನಶ್ಯಾ, ಗೋಕಾಕದಾಗ ಒಂದ ಮಷಿನ್ನಿಗೆ ಅಂಜಿ ಎದ್ದ ಬಂದ್ರು ನೋಡ್ರಪಾ.” ಬರೆದವನು ನಮ್ಮದೇ ತರಗತಿಯ ಗೆಳೆಯ, ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಪ್ರೀತಿಯಿಂದಲೇ ಬರೆದಿದ್ದ. ಕೆಳಗೆ ಎಲ್ಲರೂ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳನ್ನು ಹಾಕಿದ್ದರು. ಆ ಮಷಿನ್ನಿನ ಹಿಂದೆ ಕೂತಿದ್ದವಳು ನಾನು. ಫೋನನ್ನು ಬೋರಲು ಹಾಕಿ ಅನ್ನಕ್ಕಿಡಲು ಒಳಗೆ ಹೋದೆ.

ಕುಳ್ಳಗಿನ ಮನುಷ್ಯ. ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಬೂಟು, ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು, ಬೂಟಿನ ಲಾಡಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡ ಸೀಟಿ. ಸೀಟಿ ಊದಿದ್ದು ನಾನು ಕಂಡಿದ್ದು ಕಡಿಮೆ. ಸುಮ್ಮನೆ ಬಂದು ನಿಲ್ಲುತ್ತಿದ್ದರು, ಅಷ್ಟಕ್ಕೇ ಮೈದಾನ ತಣ್ಣಗಾಗುತ್ತಿತ್ತು. ‘ಸಾವಧಾನ್’ ಅಂದ ಮೇಲೆ ರೆಪ್ಪೆ ಬಿಟ್ಟರೆ ಬೇರೇನೂ ಅಲುಗಾಡಬಾರದು. ಒಮ್ಮೆ ಪ್ರಾರ್ಥನೆಯಲ್ಲಿ ಒಬ್ಬ ಹುಡುಗ ಮೂಗಿನ ಮೇಲೆ ಕೂತ ನೊಣವನ್ನು ಕೈಯಿಂದ ಓಡಿಸಿದ. ಸರ್ ಅವನ ಹತ್ತಿರ ಹೋಗಿ ಬಗ್ಗಿ ಹೇಳಿದರು: “ಕುಂದರ್ಲಿ ಬಿಡೋ. ಅದೂ ಎಲ್ಲಿಂದ ಹಾರಿ ಬಂದೈತೋ ಏನೋ, ಅದಕ್ಕೂ ಸುಸ್ತ ಆಗಿರತೈತಿ.” ನಮಗೆ ನಗು ಒತ್ತಿ ಬರುತ್ತಿತ್ತು, ನಗುವ ಹಾಗಿರಲಿಲ್ಲ.

ಬೇರೆಯವರಿಗೆ ಹೇಳಿದ್ದನ್ನು ತಾವು ಮಾಡದ ಮಾಸ್ತರರಲ್ಲ. ಒಂದು ಧ್ವಜವಂದನೆಗೆ ಕಂಬದ ಹತ್ತಿರದ ಬೇವಿನಮರದಿಂದ ಕಣಜದ ಹುಳುವೊಂದು ಬಂದು ಅವರ ಕತ್ತಿಗೆ ಕಚ್ಚಿತು. ನಾನು ಮುಂದಿನ ಸಾಲಿನಲ್ಲಿದ್ದೆ, ಕಚ್ಚಿದ್ದನ್ನು ಕಣ್ಣಾರೆ ಕಂಡೆ. ರಾಷ್ಟ್ರಗೀತೆ ಮುಗಿಯುವತನಕ ಹಣೆಗೆ ಹಚ್ಚಿದ ಕೈ ಇಳಿಯಲಿಲ್ಲ. ಮುಗಿದ ಮೇಲೆ ಜವಾನನನ್ನು ಕರೆದು, “ಸ್ವಲ್ಪ ಸುಣ್ಣಾ ಸಿಗತೈತೇನು ನೋಡು” ಅಂದರು. ಆಗಲೇ ಕತ್ತು ಊದಿಕೊಂಡು ಕಾಲರಿನ ಗುಂಡಿ ಬಿಗಿಯಾಗಿತ್ತು.

ಆದರೆ ಮೈಯ ಮಾತು ಬಂದರೆ ಮಾತ್ರ ಆ ಮನುಷ್ಯ ಹುಡುಗಿಯರಿಗಿಂತ ನಾಚುತ್ತಿದ್ದರು. ಕಬಡ್ಡಿ ಆಡುವಾಗಲೂ ಹುಡುಗರು ಅಂಗಿ ಬಿಚ್ಚುವಂತಿರಲಿಲ್ಲ. “ಸರ್, ಒಂದಕ್ಕ” ಎಂದು ಕಿರುಬೆರಳು ತೋರಿಸಿದರೂ ಅವರಿಗೆ ಆಗುತ್ತಿರಲಿಲ್ಲ. “ಹೊರಗ ಹೋಗಿ ಬರ್ತೇನ್ರಿ ಅನ್ನಬೇಕು” ಎಂದು ತಿದ್ದುತ್ತಿದ್ದರು. ಹಳ್ಳಿಯಿಂದ ಹೊಸದಾಗಿ ಬಂದ ಹುಡುಗನೊಬ್ಬ ಸಾಲಿನ ನಡುವೆ ನಿಂತು “ಸರ್, ಉಚ್ಚಿ ಬಂದಾವ್ರಿ” ಎಂದು ಕೂಗಿದಾಗ ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಸರ್ ಕಿವಿ ಕೆಂಪಾಗಿ, ಬಾವುಟವಿಲ್ಲದ ಕಂಬವನ್ನು ಬಹಳ ಹೊತ್ತು ನೋಡಿದರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಆಟೋಟದ ದಿನ ಓಟಕ್ಕೆ ನಿಂತಾಗ ನನ್ನ ಲಂಗಕ್ಕೆ ಕಲೆಯಾಗಿತ್ತು. ನನಗೆ ಗೊತ್ತಿರಲಿಲ್ಲ, ಹಿಂದಿನವರು ಪಿಸುಗುಡುತ್ತಿದ್ದರು. ಸರ್ ಬಂದು ತಮ್ಮ ನೀಲಿ ಟ್ರ್ಯಾಕ್‌ಸೂಟಿನ ಮೇಲಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮುಖ ಬೇರೆ ಕಡೆ ಇತ್ತು. “ಸೊಂಟಕ್ಕ ಕಟ್ಕೋ. ಥಂಡಿ ಐತಿ” ಅಂದರು. ಸುಡುಬಿಸಿಲಿನ ಮಧ್ಯಾಹ್ನ. ಮೇಲಂಗಿಯನ್ನು ಒಗೆದು ಇಸ್ತ್ರಿ ಮಾಡಿ ಅಪ್ಪನ ಕೈಯಲ್ಲಿ ಕಳಿಸಿದೆ. ಆ ವಿಷಯದಲ್ಲಿ ಅವರಾಗಲಿ ನಾನಾಗಲಿ ಒಂದು ಮಾತು ಆಡಲಿಲ್ಲ.

ಅಪ್ಪ ಪೋಸ್ಟ್‌ಮ್ಯಾನ್. ಹುಕ್ಕೇರಿ ತಾಲೂಕಿನ ದಡ್ಡಿ ಕಡೆಯವರು ನಾವು, ಅಪ್ಪನ ಬದಲಿಯಿಂದ ಮೂಡಲಗಿಗೆ ಬಂದವರು. ಮನೆಯಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ. ನಮ್ಮ ಬಾಗಿಲಲ್ಲೇ ನಿಂತು ಪತ್ರ ಇಸಕೊಂಡು ಹೋಗುವ ಮಾಸ್ತರರೂ ಇದ್ದರು. ಡ್ರಿಲ್ ಸರ್ ಒಳಗೆ ಬಂದು ಕೂತು ಚಹಾ ಕುಡಿಯುತ್ತಿದ್ದರು, ಆರಿಹೋಗಿದೆ ಎಂದು ತಕರಾರು ತೆಗೆದು ಎರಡನೇ ಕಪ್ಪನ್ನೂ ಕುಡಿಯುತ್ತಿದ್ದರು. ನಾನು ಕೋರ್ಸು ಮುಗಿಸಿ ಗೋಕಾಕಿನ ಸ್ಕ್ಯಾನಿಂಗ್ ಸೆಂಟರಿಗೆ ಸೇರಿದ ಸುದ್ದಿ ಹೇಳಿದಾಗ, “ಅಲುಗಾಡಬ್ಯಾಡ್ರಿ ಅನ್ನೂದ ನಿನ್ನ ನೌಕರಿ? ಹಂಗಾರ ನನ್ನ ಸೀಟಿ ನೀನ ಒಯ್ಯವ್ವಾ” ಎಂದು ನಕ್ಕಿದ್ದರು.

ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಅವರ ಯಕೃತ್ತಿನಲ್ಲಿ ಗಡ್ಡೆ ಕಾಣಿಸಿತು. ಕೊಯ್ದು ತೆಗೆಯಬಹುದೋ ಇಲ್ಲವೋ ಎಂದು ತೀರ್ಮಾನಿಸುವ ಮೊದಲು ಬೆಳಗಾವಿಯ ಸರ್ಜನ್ನರು ಸಿ.ಟಿ. ಪರ್ಫ್ಯೂಷನ್ ಸ್ಕ್ಯಾನ್ ಕೇಳಿದರು. ನಮ್ಮ ಸೆಂಟರಿಗೆ ಆಗಷ್ಟೇ ಅದನ್ನು ಮಾಡಬಲ್ಲ ಮಷಿನ್ ಬಂದಿತ್ತು. ಕೆಲಸ ಹೇಳುವುದಕ್ಕೆ ಸುಲಭ. ಕೈಯ ನರದೊಳಗೆ ಪಂಪಿನಿಂದ ಕಾಂಟ್ರಾಸ್ಟ್ ಔಷಧಿಯನ್ನು ಜೋರಾಗಿ ಬಿಡುತ್ತೇವೆ. ಅದು ರಕ್ತದ ಜೊತೆ ಯಕೃತ್ತಿಗೆ ಬಂದು, ತುಂಬಿ, ಇಳಿದು ಹೋಗುವ ತನಕ ಮಷಿನ್ ಅದೇ ಜಾಗದ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತದೆ. ಎಲ್ಲಿ ರಕ್ತ ಹೇಗೆ ಹರಿಯುತ್ತದೆ, ಗಡ್ಡೆ ಯಾವ ನರದಿಂದ ಬದುಕಿದೆ ಎನ್ನುವುದು ಅದರಲ್ಲಿ ಕಾಣುತ್ತದೆ. ನಡುವೆ ರೋಗಿ ಅಲುಗಾಡಿದರೆ ಎಲ್ಲ ನೀರುಪಾಲು. ಸರ್ ಬರುತ್ತಾರೆ ಎಂದಾಗ ನನಗೆ ಖುಷಿಯೇ ಆಗಿತ್ತು. ಅಲುಗಾಡದೆ ಮಲಗುವವರು ಜಿಲ್ಲೆಯಲ್ಲಿ ಇವರಿಗಿಂತ ಯಾರಿದ್ದಾರೆ ಎಂದು ನಮ್ಮ ಡಾಕ್ಟರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ಗೊಬ್ಬರದ ಅಂಗಡಿಯ ಗೆಳೆಯ ತನ್ನ ಕಾರಿನಲ್ಲಿ ಸರ್ ಮತ್ತು ಅವರ ಹೆಂಡತಿಯನ್ನು ಕರೆತಂದ. ಆಕೆಯನ್ನು ನಾವೆಲ್ಲ ಅವ್ವಾರು ಅನ್ನುತ್ತೇವೆ. ಸರ್ ಬಹಳ ಇಳಿದುಹೋಗಿದ್ದರು, ಬೂಟು ಮಾತ್ರ ಬೆಳ್ಳಗಿತ್ತು. ಔಷಧಿಯ ಸಿರಿಂಜನ್ನು ನೋಡಿ, “ಇದಕ್ಕ ಬಣ್ಣದ ಇಂಜೆಕ್ಷನ್ ಅಂತಾರಲ್ಲ, ನೀರಿನಂಗ ಐತಲ್ಲಬೇ” ಅಂದರು. ಬಣ್ಣ ಮಷಿನ್ನಿಗೆ ಮಾತ್ರ ಕಾಣುತ್ತದೆ ಎಂದೆ.

ಆಮೇಲೆ ಬಂತು ಲಿಂಗದ ಮಾತು. ಅವರ ಕೊರಳಿನ ಶಿವದಾರಕ್ಕೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕರಡಿಗೆ ಸರಿಯಾಗಿ ಯಕೃತ್ತಿನ ಮೇಲೆಯೇ ಬಂದು ಕೂತಿತ್ತು. ಬೆಳ್ಳಿ ಇದ್ದರೆ ಚಿತ್ರದ ತುಂಬ ಗೆರೆಗಳು ಬೀಳುತ್ತವೆ.

“ಇದನ್ನ ತಗದ ಇಡಬೇಕಾಗತೈತ್ರಿ ಸರ್” ಎಂದೆ.

“ಇದು ಮೈ ಬಿಟ್ಟ ಇರಾಂಗಿಲ್ಲ ಯವ್ವಾ. ನಿಮ್ಮ ಮನ್ಯಾಗ ಇದು ಇಲ್ಲ, ನಿನಗ ಗೊತ್ತಿರಾಂಗಿಲ್ಲ. ದೀಕ್ಷಾ ಆದಾಗಿಂದ ಒಂದ ಗಳಿಗಿ ಬಿಟ್ಟಿಲ್ಲ.”

ಸಿಟ್ಟಿನಿಂದ ಹೇಳಲಿಲ್ಲ, ಪಾಠ ಹೇಳುವಂತೆ ಹೇಳಿದರು. ನನಗೇ ಉಪಾಯ ಹೊಳೆಯಿತು. ಸ್ಕ್ಯಾನಿಗೆ ಎರಡೂ ಕೈ ತಲೆಯ ಮೇಲಕ್ಕೆ ಎತ್ತಿ ಮಲಗಬೇಕು. ಬಲಗೈಗೆ ಸೂಜಿ. ಕರಡಿಗೆಯನ್ನು ಅವ್ವಾರ ಕೈಗೆ ಕೊಟ್ಟು, ಲಿಂಗವನ್ನು ಎಡಗೈಯಲ್ಲಿ ಹಿಡಿದುಕೊಳ್ಳಿ ಎಂದೆ. ಸರ್ ಮುಖ ಅರಳಿತು. “ಶಾಣ್ಯಾಕಿ ಅದೀ” ಅಂದರು. ಹೈಸ್ಕೂಲಿನಲ್ಲಿ ಒಮ್ಮೆಯೂ ಅಂದಿರಲಿಲ್ಲ. ಆ ಮಾತಿಗೆ ನಾನು ಉಬ್ಬಿಹೋದೆ.

ಇನ್ನು ನನ್ನ ಕೆಲಸದ ಕೊನೆಯ ಮಾತು ಉಳಿದಿತ್ತು. ಕಾಂಟ್ರಾಸ್ಟ್ ಒಳಗೆ ಹೋದಾಗ ಮೈಯೆಲ್ಲ ಬಿಸಿಯಾಗುತ್ತದೆ. ಆ ಬಿಸಿ ಹೊಟ್ಟೆಯಿಂದ ಕೆಳಗಿಳಿದು, ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡೆ ಎಂದೇ ಅನ್ನಿಸುತ್ತದೆ. ಆಗಿರುವುದಿಲ್ಲ, ಅನ್ನಿಸುತ್ತದೆ ಅಷ್ಟೆ. ಸಾಮಾನ್ಯ ಸ್ಕ್ಯಾನಿನಲ್ಲಿ ಔಷಧಿ ನಿಧಾನ ಹೋಗುವುದರಿಂದ ಕಡಿಮೆ. ಪರ್ಫ್ಯೂಷನ್ನಿನಲ್ಲಿ ಜೋರಾಗಿ ಹೋಗುವುದರಿಂದ ತಡೆಯಲಾರದಷ್ಟು. ಬೇರೆ ರೋಗಿಗಳಿಗೆ ಇದನ್ನು ಹೇಗೋ ಹೇಳುತ್ತಿದ್ದೆ. ಹೆಂಗಸರಿಗೆ ಬಿಡಿಸಿ ಹೇಳುತ್ತಿದ್ದೆ, ಗಂಡಸರಿಗೆ ನಮ್ಮ ವಾರ್ಡ್ ಬಾಯ್ ಹೇಳುತ್ತಿದ್ದ. ಅವನು ಅವತ್ತು ರಜೆಯಲ್ಲಿದ್ದ. ಟೇಬಲ್ಲಿನ ಮೇಲೆ ಡ್ರಿಲ್ ಸರ್ ಲಿಂಗ ಹಿಡಿದು ಕಣ್ಣು ಮುಚ್ಚಿದ್ದರು, ತುಟಿ ಅಲ್ಲಾಡುತ್ತಿತ್ತು. ಆ ಮುಖದ ಮುಂದೆ ಆ ಶಬ್ದವನ್ನು ಹೇಗೆ ಆಡಲಿ?

“ಸರ್, ಸ್ವಲ್ಪ ಬಿಸಿ ಬಿಸಿ ಅನಸತೈತ್ರಿ” ಎಂದೆ.

“ಅನಸ್ಲಿ. ನೀ ನಿನ್ನ ಕೆಲಸಾ ಮಾಡು.”

ಗಾಜಿನ ಹಿಂದೆ ಬಂದು ಪಂಪು ಒತ್ತಿದೆ. ಚಿತ್ರಗಳು ಬರತೊಡಗಿದವು, ಔಷಧಿ ಇನ್ನೇನು ಯಕೃತ್ತಿಗೆ ಮುಟ್ಟಬೇಕು, ಅಷ್ಟರಲ್ಲಿ ಸರ್ ಎರಡೂ ಕೈ ಕೆಳಗಿಳಿಸಿ ಧಡಕ್ಕನೆ ಎದ್ದು ಕೂತರು. ಮೈಕಿನಲ್ಲಿ ಕಿರುಚಿದೆ, “ಸರ್, ಅಲುಗಾಡಬ್ಯಾಡ್ರಿ!” ಅವರಿಗೆ ಆ ಮಾತನ್ನು ನಾನು ಹೇಳುವಂತಾಯಿತು. ಒಳಗೆ ಓಡುವಷ್ಟರಲ್ಲಿ ಕೈಯ ನಳಿಕೆ ಕಿತ್ತುಬಂದು ಔಷಧಿ ಟೇಬಲ್ಲಿನ ಮೇಲೆಲ್ಲ ಚೆಲ್ಲಿತ್ತು. ಸರ್ ಲಿಂಗವನ್ನು ತಲೆಗಿಂತ ಎತ್ತರ ಹಿಡಿದಿದ್ದರು, ಇನ್ನೊಂದು ಕೈಯಿಂದ ಗೌನಿನ ಮುಂಭಾಗ ಮುಚ್ಚಿಕೊಂಡಿದ್ದರು. ತೋಳಿನಿಂದ ಸೋರುತ್ತಿದ್ದ ರಕ್ತಕ್ಕೆ ಹತ್ತಿ ಒತ್ತಿ ಪಟ್ಟಿ ಹಾಕಿದೆ. ಅಷ್ಟೂ ಹೊತ್ತು ಅವರ ಮುಖ ಗೋಡೆಯ ಕಡೆಗೇ ಇತ್ತು. ಇಳಿದು ಬಟ್ಟೆ ಬದಲಿಸುವ ಕೋಣೆಗೆ ನಡೆದರು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದರು. ನಾನು ಟೇಬಲ್ಲು ಒರೆಸುತ್ತಿದ್ದೆ.

ಹೊರಗೆ ಗೆಳೆಯ ಕೇಳಿದ, “ಏನಾತ್ರಿ ಸರ್?”

“ಅಂಜಿಕಿ ಬಂತು” ಅಂದರು ಸರ್.

ಅವ್ವಾರು ಸೆರಗಿನ ತುದಿ ಬಾಯಿಗೆ ಹಿಡಿದರು. ಗೆಳೆಯ ನಗು ತಡೆಯಲು ಕಾರಿನ ಕಡೆ ಹೋದ. ನಮ್ಮ ಡಾಕ್ಟರು ಬಂದು, ಮೂತ್ರಪಿಂಡಕ್ಕೆ ಭಾರ ಆಗುತ್ತದೆ, ಇವತ್ತೇ ಮತ್ತೆ ಔಷಧಿ ಬೇಡ, ರಕ್ತ ಪರೀಕ್ಷೆ ಮಾಡಿಸಿಕೊಂಡು ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರ ಬರಲಿಲ್ಲ, ಅದರಾಚೆಯ ವಾರವೂ ಬರಲಿಲ್ಲ. ಅಂಜಿಕೆ ಎನ್ನುವುದನ್ನು ನಾನೂ ನಂಬಿದ್ದೆ. ನಂಬಿದರೆ ನನಗೇ ಹಗುರವಾಗುತ್ತಿತ್ತಲ್ಲ. ಫೋನು ಮಾಡಿದರೆ ಅವ್ವಾರು ಎತ್ತಿದರು.

“ಒಲ್ಲೆ ಅಂತಾರವ್ವಾ. ಅದು ಹೋಗ್ಲಿ, ಅವತ್ತಿನಿಂದ ಪೂಜಿ ಬಿಟ್ಟಾರ. ಕರಡಿಗಿ ತಗದ ಲಿಂಗ ಕೈಯಾಗ ಹಿಡಿಯಾಂಗಿಲ್ಲ. ಪೂಜಿ ಇಲ್ಲಂದ್ರ ಇವರ ಊಟಾ ಇಲ್ಲ. ಸಂಜಿಗೆ ನಾನ ಅತ್ತು ಕರದು ಮಜ್ಜಿಗಿ ಅನ್ನ ಉಣಸ್ತೇನಿ. ಮಠದ ಅಯ್ಯಗೋಳ ಕಡೆ ಹೋಗೂಣು ನಡೀರಿ ಅಂದ್ರ, ಹೋಗಿ ಏನಂತ ಹೇಳ್ಲಿ ಅಂತಾರ.”

ಆಗ ನನಗೆ ಅರ್ಥವಾಯಿತು. ಲಿಂಗ ಅಂಗೈಯಲ್ಲಿದ್ದಾಗಲೇ ಮೈ ಕೆಳಗೆ ಒದ್ದೆಯಾಯಿತು ಎಂದು ಸರ್ ನಂಬಿಬಿಟ್ಟಿದ್ದರು. ನಮ್ಮ ಮನೆಯಲ್ಲಿ ಲಿಂಗವಿಲ್ಲ, ನಿಜ. ಆದರೆ ಆ ಮನುಷ್ಯನ ಸಂಕೋಚ ನನಗೆ ಗೊತ್ತಿರಲಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅಪ್ಪ ನಿವೃತ್ತಿಯಾದ ಮೇಲೆ ನಮ್ಮ ಮನೆ ಹುಕ್ಕೇರಿಯಲ್ಲಿತ್ತು; ಭಾನುವಾರ ಅಲ್ಲಿಂದ ಬಸ್ಸು ಹತ್ತಿದೆ. ಗೋಕಾಕದಲ್ಲಿ ಬದಲಿಸಿ ಮೂಡಲಗಿ ಮುಟ್ಟುವವರೆಗೆ ಮನಸ್ಸಿನಲ್ಲೇ ಮಾತು ಜೋಡಿಸಿದೆ, ಒಂದೂ ಸರಿಬರಲಿಲ್ಲ. ಸರ್ ಮಂಚದ ಮೇಲೆ ಕೂತಿದ್ದರು. ಕರಡಿಗೆ ಎದೆಯ ಮೇಲಿತ್ತು. ಅವ್ವಾರು ಚಹಾಕ್ಕೆ ಒಳಗೆ ಹೋಗುವುದನ್ನೇ ಕಾಯುತ್ತಿದ್ದೆ.

“ಸರ್, ಆ ಔಷಧಿ ಒಳಗ ಹೋದಾಗ ಉಚ್ಚಿ ಹೊಯ್ಕೊಂಡಂಗ ಅನಸತೈತ್ರಿ. ಎಲ್ಲಾರಿಗೂ ಅನಸತೈತಿ. ಹೊಯ್ಕೊಂಡಿರಾಂಗಿಲ್ರಿ.”

ಸರ್ ಅಲುಗಾಡಲಿಲ್ಲ. “ನೀ ಟೇಬಲ್ ಒರಸೂದ ನೋಡಿದೆ” ಅಂದರು.

“ಅದು ಚೆಲ್ಲಿದ್ದ ಔಷಧಿ ರಿ ಸರ್. ನಿಮ್ಮ ಕೈಯಾಗಿನ ನಳಿಕಿ ಕಿತ್ತಿತ್ತು.”

“ಗೌನ ಒಣಗೇ ಇತ್ತು. ಕೆಳಗ ಹರದ ಹೋಗಿರಬೇಕಂತ ತಿಳದೆ.” ಕರಡಿಗೆಯ ಮೇಲೆ ಕೈ ಇಟ್ಟರು. “ಎಲ್ಲಾರಿಗೂ ಹಂಗ ಆಗತೈತಿ ಅನ್ನೂದು ನಿನಗ ಮೊದಲ ಗೊತ್ತಿತ್ತು?”

“ಗೊತ್ತಿತ್ತ್ರಿ.”

“ಮತ್ತ?”

“ನಿಮ್ಮ ಮುಂದ ಹೆಂಗ ಹೇಳೂದಂತ ನಾಚಿಕಿ ಬಂತ್ರಿ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. “ಅದನ್ನ ಕಲಿಸಿದಾಂವ ನಾನ” ಅಂದರು ಅಷ್ಟೇ. ಅವ್ವಾರು ಚಹಾ ತಂದರು. ಸರ್ ಆಕೆಯ ಮುಖ ನೋಡದೆ, “ನೀರ ಕಾಸು, ಜಳಕಾ ಮಾಡ್ತೇನಿ. ಪೂಜಿಗೆ ಹೂ ಅದಾವೇನು?” ಎಂದು ಕೇಳಿದರು. ಆಕೆ ಬಾಗಿಲ ಚೌಕಟ್ಟು ಹಿಡಿದು ಅತ್ತರು.

ಎರಡನೆಯ ಬಾರಿ ಸ್ಕ್ಯಾನಿಗೆ ಬಂದಾಗ ನಮ್ಮ ಡಾಕ್ಟರು ತಾವೇ ಬಂದು ಟೇಬಲ್ಲಿನ ಹತ್ತಿರ ನಿಂತರು. ಮತ್ತೊಮ್ಮೆ ಕೆಡಬಾರದು ಎಂದು ಅವರಿಗೆ ಚಿಂತೆ. “ಹಿಂದಿನ ಸಲ ಯಾಕ ಎದ್ರಿ ಯಜಮಾನ್ರ? ಏನೇನ ಆಗತೈತಂತ ನಮ್ಮ ಹುಡಗಿ ಮೊದಲ ಹೇಳಿದ್ದಿಲ್ಲೇನು?”

ನಾನು ಸೂಜಿಗೆ ಪಟ್ಟಿ ಅಂಟಿಸುತ್ತಿದ್ದೆ. ಸರ್ ನನ್ನ ಕಡೆ ನೋಡಲೂ ಇಲ್ಲ.

“ಹೇಳಿದ್ದಳ್ರಿ. ಎಲ್ಲಾ ಬಿಡಿಸಿ ಹೇಳಿದ್ದಳು. ನಾನ ಅಂಜಿದೆ.”

ಡಾಕ್ಟರು ಅವರ ಭುಜ ತಟ್ಟಿ, ಮಕ್ಕಳಿಗೆ ಹೇಳುವಂತೆ ಧೈರ್ಯ ಹೇಳಿದರು. ಸರ್ “ಹೂಂರಿ, ಹೂಂರಿ” ಎಂದು ಕೇಳಿಸಿಕೊಂಡರು. ನಾನು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಅಂಟಿಸಿದೆ. ಬಾಯಿ ತೆರೆಯಲಿಲ್ಲ. ಮೊದಲ ಸಲ ನಾಚಿಕೆಯಿಂದ ಸುಮ್ಮನಿದ್ದೆ, ಈ ಸಲ ನೌಕರಿಯ ಹೆದರಿಕೆಯಿಂದ. ಅಂಜಿದವರು ಯಾರೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ಸ್ಕ್ಯಾನು ಚೊಕ್ಕವಾಗಿ ಬಂತು. ಅಷ್ಟು ಅಲುಗಾಡದ ಹೊಟ್ಟೆಯನ್ನು ನಾನು ಇವತ್ತಿಗೂ ಕಂಡಿಲ್ಲ. ಆದರೆ ಯಕೃತ್ತಿಗೆ ಹೋಗುವ ದೊಡ್ಡ ನರದೊಳಗೇ ಗಡ್ಡೆ ಬೆಳೆದಿತ್ತು, ಕೊಯ್ಯುವಂತಿರಲಿಲ್ಲ. ಬೆಳಗಾವಿಯ ಸರ್ಜನ್ನರು ಫೋನಿನಲ್ಲಿ, ಇದು ಈಚೆಗೆ ಆಗಿದ್ದೋ ಮೊದಲೇ ಇತ್ತೋ, ಹಿಂದಿನ ಸ್ಕ್ಯಾನ್ ಇದ್ದರೆ ಕಳಿಸಿ ಎಂದರಂತೆ. ಹಿಂದಿನದರಲ್ಲಿ ಇದ್ದದ್ದು ಮಸುಕು ಮಸುಕು ಬಿಳಿ. ಆ ವಾರಗಳು ಉಳಿದಿದ್ದರೆ ಏನಾಗುತ್ತಿತ್ತು ಎಂದು ನಮ್ಮ ಡಾಕ್ಟರನ್ನು ಕೇಳಿದೆ. ಅವರು, “ಹೇಳಾಕ ಬರಾಂಗಿಲ್ಲ” ಎಂದರು. ಹೇಳಲು ಬಾರದಂತೆ ಮಾಡಿದವಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ.

ಅವರನ್ನು ಮಣ್ಣು ಮಾಡಿದ ಮುಂದಿನ ಭಾನುವಾರ ಮೂಡಲಗಿಗೆ ಹೋದೆ. ಪಡಸಾಲೆಯ ತುಂಬ ಹಳೆಯ ವಿದ್ಯಾರ್ಥಿಗಳು, ಬಹಳ ಮಂದಿ ಗಂಡಸರು. ಗೊಬ್ಬರದ ಅಂಗಡಿಯ ಗೆಳೆಯನೂ ಇದ್ದ. ಅವ್ವಾರು ನನ್ನನ್ನು ಕಂಡು ಕೈ ಹಿಡಿದು ಬಾಜೂಕ್ಕೆ ಕೂರಿಸಿಕೊಂಡರು.

“ಇಕಿನ ನೋಡ್ರಿ ಆ ಸ್ಕ್ಯಾನಿಂಗದಾಕಿ. ಆ ಹುಡಗಿದೇನೂ ತಪ್ಪಿಲ್ಲ, ನಾನ ಅಂಜಿದೆ, ಅಂತ ಕಡೀತನಕ ಅಂದ್ರು. ಸಾಯೂ ಹಿಂದಿನ ದಿನಾನೂ ಅಂದ್ರು.” ಆಕೆಯ ತಲೆ ಬಾಗಿತ್ತು. “ಎಂದೂ ಯಾವದಕ್ಕೂ ಅಂಜಿದವರಲ್ಲ. ಕಡೀಕ ಹಂಗ್ಯಾಕ ಆತೋ.”

ಗೆಳೆಯ ಚಾಪೆಯ ಎಳೆ ಕೀಳುತ್ತಿದ್ದ.

“ಅವ್ವಾರ, ನಾ ಹೇಳಿದ್ದಿಲ್ರಿ” ಎಂದೆ.

“ಏನ?”

ಅಷ್ಟು ಗಂಡಸರ ನಡುವೆ ಹೇಳಬೇಕಾಯಿತು. ಔಷಧಿ ಹೋದಾಗ ಉಚ್ಚಿ ಹೊಯ್ದುಕೊಂಡಂತೆ ಆಗುತ್ತದೆ ಎಂದೆ, ಕೈಯಲ್ಲಿ ಲಿಂಗವಿತ್ತು ಎಂದೆ, ನನಗೆ ಮೊದಲೇ ಗೊತ್ತಿತ್ತು, ನಾಚಿಕೆಗೆ ಹೇಳಲಿಲ್ಲ ಎಂದೆ. ಡಾಕ್ಟರು ಕೇಳಿದಾಗ ಸರ್ ನನ್ನನ್ನು ಉಳಿಸಿದರು, ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ ಎಂದೂ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಅವ್ವಾರು ನನ್ನ ಮುಖವನ್ನೇ ನೋಡುತ್ತಿದ್ದರು.

“ಹಂಗಾರ ಅಂಜಿದ್ದಿಲ್ಲ?”

“ಇಲ್ರಿ.”

“ಖರೆ?”

“ಖರೇನ ರಿ ಅವ್ವಾರ. ಅಂಜಿದ್ದಿಲ್ಲ.”

ಆಕೆ ನನ್ನ ಕೈ ಬಿಟ್ಟರು. ಸೆರಗು ಸರಿಮಾಡಿಕೊಂಡು ಪಡಸಾಲೆಯ ಕಡೆ ತಿರುಗಿದರು. “ಕೇಳಿದ್ರೇನ್ರೋ ಎಲ್ಲಾರೂ? ಅಂಜಿದ್ದಿಲ್ಲಂತ.” ಆಗಷ್ಟೇ ಒಳಗೆ ಬಂದ ನೆರೆಮನೆಯ ಮುದುಕಿಗೂ ಅದನ್ನೇ ಹೇಳಿದರು, ಅಡುಗೆ ಮನೆಯಲ್ಲಿದ್ದವರನ್ನು ಕೂಗಿ ಅವರಿಗೂ ಹೇಳಿದರು. ನಾನು ಹೊರಡುವವರೆಗೂ ಬಂದಬಂದವರಿಗೆಲ್ಲ ಹೇಳುತ್ತಲೇ ಇದ್ದರು. ನನ್ನ ಕೈಯನ್ನು ಮತ್ತೆ ಹಿಡಿಯಲಿಲ್ಲ.